ತುಟಿ ತಾಗಿದ ಹಿತ್ತಾಳೆ

"ಬಾಯಿಂದ ತಗೀಯಲೇ ಭಾಡ್ಯಾ! ಊದಿದೀ ಅಂದ್ರ ಹಲ್ಲ ಉದರಿಸಿ ಕೈಯಾಗ ಕೊಡ್ತೇನಿ!"

ದೇಸಾಯರ ಕಾರಭಾರಿ ವಾಡೆಯ ಕಟ್ಟೆಯ ಮೇಲಿಂದಲೇ ಒದರಿದ. ಬ್ಯೂಗಲ್ಲನ್ನು ತುಟಿಯ ಹತ್ತಿರಕ್ಕೆ ಒಯ್ದಿದ್ದ ಮುರ್ತುಜಸಾಬ ಹಾಗೆಯೇ ನಿಂತ. ಕೈ ಇಳಿಸಬೇಕೆಂಬುದೂ ಅವನಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಬಡಿದು, ಬಾಗಿಸಿ, ಉಜ್ಜಿ ಮಾಡಿದ ಹಿತ್ತಾಳೆ ಬಿಸಿಲಿಗೆ ಹೊಳೆಯುತ್ತಿತ್ತು. ಮಾದರಿಗೆಂದು ತಂದದ್ದು ಅದು. ಒಪ್ಪಿಗೆಯಾದರೆ ಇಂಥವೇ ಇನ್ನೂ ಹತ್ತು ಮಾಡಬೇಕಿತ್ತು.

"ಊದದ ಹೆಂಗ ತೋರಸ್ಲಿರಿ?" ಎಂದ.

"ಕೈಯಾಗ ಹಿಡದು ತೋರಸು. ನಮಗೇನ ಕಣ್ಣಿಲ್ಲೇನು?"

ಮಳೆಗುಂದದ ದೇಸಾಯರು ತೂಗುಮಣೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಬರುವ ಡಿಸೆಂಬರದಲ್ಲಿ ದಿಲ್ಲಿಯಲ್ಲಿ ವಿಲಾಯತಿ ಬಾದಶಹನ ದರ್ಬಾರು. ಆ ದಿನ ಮಳೆಗುಂದಕ್ಕೂ ಒಬ್ಬ ಗೋರಾ ಸಾಹೇಬ ಬರುವವನಿದ್ದ. ಅವನ ಮುಂದೆ ತಮ್ಮವೇ ಹತ್ತು ಬ್ಯೂಗಲ್ಲು ಒಮ್ಮೆಲೇ ಮೊಳಗಬೇಕೆಂದು ದೇಸಾಯರ ಆಸೆ. ಆಮೇಲೆ ಅವನ್ನು ಮನೆದೇವರ ಪೂಜೆಗೆ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ದೇವರ ಮಾತು ಬಂದದ್ದರಿಂದ ವಾಡೆಯ ಪೂಜೆಯ ಭಟ್ಟನೂ ಅಂಗಳಕ್ಕೆ ಬಂದು ನಿಂತಿದ್ದ.

"ಮನ್ಯಾಗ ಇದನ್ನ ಊದೀಯೇನು?" ಭಟ್ಟ ಕೇಳಿದ.

"ಊದೇನ್ರಿ. ಊದದ ಸ್ವರಾ ಕೂಡೂದಿಲ್ಲ."

"ಅಂದ್ರ ತುರಕನ ಎಂಜಲಾ ಒಳಗದ. ದೇಸಾಯರ, ಇದು ದೇವರಮನಿ ಹೊಸ್ತಲಾ ದಾಟಂಗಿಲ್ಲ."

ಕಾರಭಾರಿ ಇಳಿದು ಬಂದು ಕೋಲಿನಿಂದ ಬ್ಯೂಗಲ್ಲನ್ನು ಮುರ್ತುಜಸಾಬನ ಕೈಯಿಂದ ಕೆಡವಿದ. ಅದು ಹಾಸುಗಲ್ಲಿನ ಮೇಲೆ ಉರುಳಿ, ಬಚ್ಚಲ ನೀರು ಹರಿಯುವ ಗಟಾರಕ್ಕೆ ಬಿತ್ತು.

"ಹತ್ತು ಮಾಡು. ಒಂದಕ್ಕೂ ನಿನ್ನ ಹೊಲಸ ಬಾಯಿ ತಾಗಬಾರದು. ತಿಳೀತ?"

"ತುಟಿ ಹಚ್ಚದ ಹೆಂಗರಿ ಧಣ್ಯಾರ? ಬಿಗಿ ಐತೋ ಸಡ್ಲ ಐತೋ ಹೆಂಗ ತಿಳೀಬೇಕು?"

ದೇಸಾಯರು ಮೊದಲ ಸಲ ತಲೆ ಎತ್ತಿದರು. "ಅಡಗಿ ಮಾಡಾಕಿ ತಾ ಉಂಡ ನೋಡಿ ನಮಗ ಬಡಸ್ತಾಳೇನಲೇ ಸಾಬಾ? ಕೈ ಅಂದಾಜಿನ ಮ್ಯಾಲೆ ಮಾಡೂದು. ಹೋಗು."

ಸುತ್ತಲಿದ್ದವರು ನಕ್ಕರು. ಮುರ್ತುಜಸಾಬ ಗಟಾರಕ್ಕೆ ಬಗ್ಗಿ ಬ್ಯೂಗಲ್ಲನ್ನು ಎತ್ತಿದ. ಒಳಗಿನ ನೀರು ಸುರುವಿ, ಅಂಗಿಗೆ ಒರೆಸಿಕೊಂಡು ಹೊರಟ.

ಅವನ ಮನೆ, ಕುಲುಮೆ ಎರಡೂ ಊರ ಹೊರಗೆ ಕೆರೆಯ ದಂಡೆಗಿದ್ದವು. ಜಾಗ ದೇಸಾಯರದು. ಇದ್ದಿಲಿಗೆ ಕಡಿಯುವ ಜಾಲಿಯೂ ದೇಸಾಯರ ಹೊಲದ್ದು. ಅಲ್ಲಿ ಇರುವ ತನಕ ವಾಡೆಯ ಕೆಲಸ ಬಿಟ್ಟಿ ಮಾಡಬೇಕೆಂದು ಅವನ ಅಪ್ಪನ ಕಾಲದಲ್ಲೇ ಮಾತಾಗಿತ್ತು.

ಅಜ್ಜ ಮೀರಾಸಾಬ ಬಾದಾಮಿಯಲ್ಲಿದ್ದವನು. ಕೋಟೆಯ ಬಾಗಿಲಲ್ಲಿ ಊದುವ ಉದ್ದ ಕಹಳೆಗಳನ್ನು ಬಡಿಯುತ್ತಿದ್ದ. ಕೋಟೆ ಸುಮ್ಮನಾದ ಮೇಲೆ ಮದುವೆಗೂ ಉರುಸಿಗೂ ಬೀರಪ್ಪನ ಪೂಜೆಗೂ ಮಾಡಿಕೊಟ್ಟ. ಅಪ್ಪ ಅಹ್ಮದಸಾಬನ ಕಾಲಕ್ಕೆ ಕಲಾದಗಿಯಲ್ಲಿ ಗೋರಾ ಪಲಟಣ ಬೀಡುಬಿಟ್ಟಿತ್ತು. ಅಲ್ಲಿಯ ಸಿಪಾಯಿಯೊಬ್ಬ ಒಂದು ದಿನ ನೆಗ್ಗಿದ ಬ್ಯೂಗಲ್ಲೊಂದನ್ನು ತಂದು ಅವನ ಮುಂದೆ ಒಗೆದ. ಅಹ್ಮದಸಾಬನಿಗೆ ನೆಟ್ಟಗಿನ ಕಹಳೆ ಗೊತ್ತಿತ್ತು, ಸುತ್ತಿಕೊಂಡ ಕೊಳವೆ ಗೊತ್ತಿರಲಿಲ್ಲ. ಬಾಗಿಸಹೋದರೆ ಸುಕ್ಕಾಗುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಒಂದು ಇಡೀ ಮಳೆಗಾಲ ಕೆಡಿಸಿ ಕೆಡಿಸಿ, ಕೊನೆಗೆ ಕೊಳವೆಯ ಹೊಟ್ಟೆಯೊಳಗೆ ಕಾದ ರಾಳ ತುಂಬಿ, ಆರಲು ಬಿಟ್ಟು, ಆಮೇಲೆ ಬಾಗಿಸಿದ. ಹಾವು ಹೊರಳಿದಂತೆ ಹೊರಳಿತು. ಪಲಟಣ ಕಲಾದಗಿ ಬಿಡುವ ತನಕ ಅಲ್ಲಿಯ ಎಷ್ಟೋ ಬ್ಯೂಗಲ್ಲುಗಳು ಅವನ ಕೈಯವೇ ಆಗಿದ್ದವು. ಆಮೇಲೆ ಕಬ್ಬಿಣದ ಅಚ್ಚುಗಳನ್ನು ಎತ್ತಿನ ಮೇಲೆ ಹೇರಿಕೊಂಡು ಮನೆಮಂದಿ ಮಳೆಗುಂದಕ್ಕೆ ಬಂದರು. ಈಗ ಮುರ್ತುಜಸಾಬ ಮಾಡಿದ್ದರ ಮೇಲೆ ಬಾಗಲಕೋಟೆಯ ವ್ಯಾಪಾರಿಯೊಬ್ಬ ಇಂಗ್ರೇಜಿ ಅಕ್ಷರದ ಮುದ್ರೆ ಒತ್ತಿ, ವಿಲಾಯತಿ ಮಾಲೆಂದು ಬ್ಯಾಂಡಿನವರಿಗೆ ಮಾರುತ್ತಿದ್ದ.

ಮುರ್ತುಜಸಾಬನ ತಮ್ಮ ಅಬ್ದುಲಸಾಬ ಈ ಹೊಗೆ ಸಾಕೆಂದು ಸೊಲ್ಲಾಪುರದ ಗಿರಣಿಗೆ ಹೋಗಿ ಏಳು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಮೂವರು. ಮುರ್ತುಜಸಾಬ, ಅವನ ಹೆಂಡತಿ ಅಮೀನಬಿ, ತಾಯಿ ಗುಲಾಬಬಿ.

ಅಮೀನಬಿ ಗಟಾರದ ಕೆಸರು ಮೆತ್ತಿದ ಬ್ಯೂಗಲ್ಲನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದಳು.

"ಏನಂದ್ರು?"

"ಬಾಯಿ ಹಚ್ಚದ ಮಾಡ್ಬೇಕಂತ."

"ಮತ್ತ ಎದರಲೆ ಊದ್ಬೇಕಂತ?"

"ಕುಂಡಿಲೆ ಊದ ಅಂದಿರಬೇಕು," ಮೂಲೆಯಿಂದ ಗುಲಾಬಬಿ ಅಂದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಏನೂ ಕಾಣುತ್ತಿರಲಿಲ್ಲ. ಮೂವರಿಗೂ ನಗು ಬಂತು. ನಗುತ್ತ ನಗುತ್ತ ಮುರ್ತುಜಸಾಬನಿಗೆ ಕೆಮ್ಮು ಹತ್ತಿತು. ಹತ್ತಿದ್ದು ಬಹಳ ಹೊತ್ತು ಬಿಡಲಿಲ್ಲ.

ಅವನು ವಾಡೆಯಲ್ಲಿ ಹೇಳಿದ್ದು ಸುಳ್ಳು. ಆ ಬ್ಯೂಗಲ್ಲನ್ನು ಊದಿದವನು ಅವನಲ್ಲ. ಇದ್ದಿಲ ಹೊಗೆ ಕುಡಿದು ಕುಡಿದು ಎದೆ ಕಟ್ಟಿ ನಾಲ್ಕು ವರ್ಷವಾಗಿತ್ತು. ಮಾದರಿ ತೋರಿಸಲು ಒಂದು ಗಿಡ್ಡ ಸ್ವರ ತೆಗೆದಾನು, ಅಷ್ಟೇ; ಸ್ವರ ಕೂಡಿಸಹೋದರೆ ಉಸಿರು ಕೊಳವೆಯ ಅರ್ಧಕ್ಕೆ ಮುಗಿದುಹೋಗುತ್ತಿತ್ತು. ಅಂದಿನಿಂದ ಆ ಮನೆಯ ಪ್ರತಿಯೊಂದು ಬ್ಯೂಗಲ್ಲನ್ನೂ ಊದಿ ನೋಡುತ್ತಿದ್ದವಳು ಅಮೀನಬಿ. ಹೊರಗೆ ಯಾರಿಗೂ ಗೊತ್ತಿಲ್ಲವೆಂದೇ ಅವರು ತಿಳಿದಿದ್ದರು. ಹೆಣ್ಣು ಊದಿದ್ದೆಂದು ಗೊತ್ತಾದರೆ ಬಾಗಲಕೋಟೆಯವನೂ ಮಾಲು ಮುಟ್ಟುತ್ತಿರಲಿಲ್ಲ.

ಮರುದಿನ ಕುಲುಮೆಯ ಮುಂದೆ ವಾಡೆಯ ಕಾವಲಿನ ವಾಲೀಕಾರ ಅಮಸಿದ್ದಪ್ಪ ಬಂದು ಕೂತ. ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಸಿನ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ವಾಡೆಯ ಕೋಲು. ಕೆಲಸ ಮುಗಿಯುವ ತನಕ ಕಾಯಬೇಕೆಂದು ಅವನಿಗೆ ಹುಕುಮು.

ಹಿತ್ತಾಳೆಯ ತಗಡನ್ನು ಕತ್ತರಿಸಿದರು, ಅಚ್ಚಿಗೆ ಸುತ್ತಿದರು, ಅಂಚಿಗೆ ಅಂಚು ಹಚ್ಚಿ ಬೆಸೆದರು. ಅಮೀನಬಿ ಬೆಳಗಿನಿಂದ ಬೈಗಿನವರೆಗೆ ತಿದಿ ಒತ್ತಿದಳು. ರಾಳ ಕಾಯಿಸಿದಳು, ತುಂಬಿದಳು, ಮತ್ತೆ ಕರಗಿಸಿ ತೆಗೆದಳು. ತೋಳು ಎತ್ತಿದರೆ ಹೆಗಲು ಕಟಕಟ ಎನ್ನುತ್ತಿತ್ತು. ಮೊದಲನೆಯದು ಸಿದ್ಧವಾದ ದಿನ ಮುರ್ತುಜಸಾಬ ಅದರ ಬಾಯಿಗೆ ತಿದಿಯ ಮೂಗನ್ನೇ ಹಚ್ಚಿ ಗಾಳಿ ಬಿಟ್ಟು ನೋಡಿದ. ಪುಸ್ ಎಂದಿತು. ಮತ್ತೆ ಬಿಟ್ಟ. ಮತ್ತೆ ಪುಸ್. ಅದುರುವ ತುಟಿಯಿಲ್ಲದೆ ಹಿತ್ತಾಳೆ ಮಾತಾಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ಸಲ ಮಾಡಿದ.

ಅಮಸಿದ್ದಪ್ಪ ಎಲ್ಲ ನೋಡುತ್ತ ತಂಬಾಕು ತಿಕ್ಕುತ್ತಿದ್ದ.

"ಯಕ್ಕಾ," ಎಂದ, ಕೆರೆಯ ಕಡೆಗೆ ಮುಖ ಮಾಡಿ. "ನನಗ ಸಾಬನ ಬಾಯಿ ಕಾಯಾಕ ಹೇಳ್ಯಾರ. ನಿನ್ನ ಬಾಯಿದು ಏನೂ ಹೇಳಿಲ್ಲ."

ಅಮೀನಬಿ ಗಂಡನ ಮುಖ ನೋಡಿದಳು. "ನಿನಗ ಹೆಂಗ ಗೊತ್ತೋ ಅಮಸಿದ್ದ?"

"ಕೆರಿ ದಂಡೀಗೆ ಕುರಿ ಮೇಸಾವ ನಮ್ಮಣ್ಣ. ಗಂಡಸ ಕೆಮ್ಮೂದು ಯಾವದು, ಬ್ಯೂಗಲ್ಲ ಊದೂದು ಯಾವದು, ಅವಗ ತಿಳಿಯೂದಿಲ್ಲೇನು?"

ಹಾಗೆ ಹತ್ತಕ್ಕೆ ಹತ್ತನ್ನೂ ಅಮೀನಬಿ ಊದಿದಳು. ಸಪ್ಪಳ ಊರಿಗೆ ಹೋಗದಿರಲೆಂದು ಮುರ್ತುಜಸಾಬ ಪಕ್ಕದಲ್ಲಿ ಸುಮ್ಮನೆ ಅಡಿಗಲ್ಲಿನ ಮೇಲೆ ಸುತ್ತಿಗೆ ಬಡಿಯುತ್ತಿದ್ದ. ಗುಲಾಬಬಿ ಗೋಡೆಗೆ ಒರಗಿ ಕಿವಿಗೊಟ್ಟು ಕೇಳುತ್ತಿದ್ದಳು. "ಇದು ಮೂಗಿಲೆ ಮಾತಾಡ್ತೈತಿ, ಬಾಯಿ ಕಡೆ ಅರಾ ಹಾಕಿ ತಿಕ್ಕು." "ಇದರ ಗಂಟಲಾ ಬಿಗಿ ಆತು." "ಹಾಂ, ಇದು ನಿಮ್ಮ ಮಾವನ ಕೈದಾಂಗ ಐತಿ ನೋಡು." ಹತ್ತನೆಯದು ಮುಗಿದಾಗ ಅಮೀನಬಿಯ ಮೇಲ್ದುಟಿ ಬಾತು ಸಿಡಿಯುತ್ತಿತ್ತು. ಎರಡು ದಿನ ಬಿಸಿಯದೇನೂ ಕುಡಿಯಲಾಗಲಿಲ್ಲ.

ದರ್ಬಾರಿಗೆ ಎರಡು ದಿನ ಇರುವಾಗ ಗಂಡಹೆಂಡತಿ ಬ್ಯೂಗಲ್ಲುಗಳನ್ನು ಬಟ್ಟೆಯಲ್ಲಿ ಕಟ್ಟಿ ವಾಡೆಗೆ ಒಯ್ದರು. ಅಂಗಳದಲ್ಲಿ ಭಟ್ಟ ಹೋಮದ ಕುಂಡ ಉರಿಸಿಕೊಂಡು ಕೂತಿದ್ದ.

"ಅಲ್ಲೇ ಇಡು. ಹಿಂದ ಸರಿ," ಎಂದ ಕಾರಭಾರಿ. "ಅಮಸಿದ್ದಾ, ಇಂವ ಬಾಯಿ ಹಚ್ಯಾನೇನು?"

"ಸಾಬ ಹಚ್ಚಿಲ್ರಿ."

"ಆದ್ರೂ ಕೈಯರೆ ಮುಟ್ಟ್ಯಾನ," ಎಂದು ಭಟ್ಟ ಇಕ್ಕಳದಿಂದ ಮೊದಲ ಬ್ಯೂಗಲ್ಲನ್ನು ಎತ್ತಿ ಉರಿಯೊಳಗೆ ಇಟ್ಟ.

ಮುರ್ತುಜಸಾಬ ಮುಂದಕ್ಕೆ ಹಾರಿದ. "ಬ್ಯಾಡ್ರಿ ಅಪ್ಪಾರ! ಬಾಯಿ ಕಡೆ ತವರದ ಬೆಸಗಿ ಐತ್ರಿ, ಕರಗತೈತಿ! ನೀರಲೆ ತೊಳೀರಿ, ಹಾಲಲೆ ತೊಳೀರಿ, ಬೆಂಕಿ ಬ್ಯಾಡ್ರಿ!"

ಕಾರಭಾರಿ ಕೋಲನ್ನು ಅವನ ಎದೆಗೆ ಒತ್ತಿ ಹಿಂದಕ್ಕೆ ದಬ್ಬಿದ. "ದೇವರಿಗೆ ಯಾವದು ಬೇಕು ಅನ್ನೂದು ಸಾಬನ ಕಡಿಂದ ಕಲೀಬೇಕೇನಲೇ ಸೂಳೀಮಗನ?"

ಹತ್ತೂ ಉರಿಗೆ ಹೋಗಿ ಬಂದವು. ಕೆಂಪಗಾಗಿರುವಾಗಲೇ ತಣ್ಣೀರಿನ ಕೊಪ್ಪರಿಗೆಯಲ್ಲಿ ಚುಂಯ್ ಎಂದು ಮುಳುಗಿದವು. ಕಳಚಿ ಬಂದ ಊದುಬಾಯಿಗಳನ್ನು ಆಳುಗಳು ಅರಗಿನಿಂದ ಮೆತ್ತಿ ಕೂಡಿಸಿದರು. ದೇಸಾಯರು ಮಡಿಯುಟ್ಟು ದೇವರಮನೆಯ ಮುಂದೆ ನಿಂತು, ಅರಿಸಿನ ಕುಂಕುಮ ಹಚ್ಚಿದ ಒಂದನ್ನು ತಾವೇ ತುಟಿಗಿಟ್ಟು ಊದಿದರು. ಕತ್ತೆ ನರಳಿದಂಥ ಸ್ವರ ಹೊರಟಿತು. ನೆರೆದವರು ಚಪ್ಪಾಳೆ ತಟ್ಟಿದರು.

"ಒಂದ ದಿನ ಕೊಡ್ರಿ ಧಣ್ಯಾರ, ಮತ್ತ ಬೆಸಗಿ ಹಾಕಿ ಕೊಡ್ತೇನಿ," ಎಂದ ಮುರ್ತುಜಸಾಬ.

"ಮತ್ತ ನೀ ಮುಟ್ಟೂದು, ಮತ್ತ ಸುದ್ಧ ಮಾಡೂದು? ಮನೀಗೆ ನಡಿ."

ದರ್ಬಾರಿನ ದಿನ ಚಾವಡಿಯ ಮುಂದೆ ಚಪ್ಪರ ಹಾಕಿದ್ದರು. ಗೋರಾ ಸಾಹೇಬ, ಅವನ ಮಡದಿ ಕುರ್ಚಿಯಲ್ಲಿ ಕೂತರು. ಕೆಂಪು ಪಟಗಾ ಸುತ್ತಿದ ವಾಡೆಯ ಹತ್ತು ಆಳುಗಳು ಸಾಲಾಗಿ ನಿಂತರು. ಕಾರಭಾರಿ ರುಮಾಲು ಬೀಸಿದ. ಹತ್ತು ಗಲ್ಲಗಳು ಉಬ್ಬಿದವು. ನಾಲ್ಕರಿಂದ ಪುಸ್ ಎಂದು ಗಾಳಿ ಬಂತು. ಮೂರು ಒಂದೊಂದು ದಿಕ್ಕಿಗೆ ಅರಚಿದವು. ಒಂದರ ಊದುಬಾಯಿ ಕಳಚಿ ಊದುವವನ ಬಾಯಲ್ಲೇ ಉಳಿಯಿತು. ಉಳಿದ ಇಬ್ಬರು ಹೆದರಿ ಊದಲೇ ಇಲ್ಲ. ಮಡದಿ ಕೈಗವಸಿನಿಂದ ಬಾಯಿ ಮುಚ್ಚಿಕೊಂಡಳು. ಸಾಹೇಬ ಮುಚ್ಚಿಕೊಳ್ಳಲಿಲ್ಲ, ಹೊಟ್ಟೆ ಹಿಡಿದು ನಕ್ಕ. ಸಾಹೇಬ ನಕ್ಕದ್ದು ನೋಡಿ ಊರೂ ನಕ್ಕಿತು. ದೇಸಾಯರೂ ನಗಬೇಕಾಯಿತು.

ಸಾಹೇಬನ ಗಾಡಿ ಹುನಗುಂದದ ದಾರಿ ಹಿಡಿದದ್ದೇ ತಡ, ಮುರ್ತುಜಸಾಬನನ್ನು ಎಳೆತಂದು ವಾಡೆಯ ಕಂಬಕ್ಕೆ ಕಟ್ಟಿದರು.

"ಬೆಂಕ್ಯಾಗ ಕೆಟ್ಟೂರಿ," ಎಂದ ಅವನು. "ಅವತ್ತ ಹೇಳೇನ್ರಿ."

ಕಾರಭಾರಿ ಬ್ಯೂಗಲ್ಲನ್ನೇ ಎತ್ತಿ ಅವನ ಬಾಯಿಗೆ ಬಾರಿಸಿದ. ಎರಡನೇ ಏಟಿಗೆ ಮುಂದಿನ ಹಲ್ಲು ಮುರಿದವು. ತುಟಿ ಮೂಗಿನ ತನಕ ಸೀಳಿತು.

"ಊದಿ ನೋಡದ ಯಾಕ ಕೊಟ್ಟೀಯಲೇ ಬೋಸಡೀಕೆ? ಹಾಂ? ಮಾಡಿದಂವ ಊದಿ ನೋಡಬೇಕ ಇಲ್ಲೋ? ದೇಸಾಯರ ಮಾನಾ ಕಳೀಬೇಕಂತ ಊದದ ಕೊಟ್ಟಿ!"

ಅಂಗಳದ ಬಾಗಿಲಲ್ಲಿ ನಿಂತಿದ್ದ ಅಮೀನಬಿಗೆ ಆ ಮಾತು ಕಿವಿಗೆ ಬಿದ್ದೂ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಅಂಗಳದ ನಡುವಿಗೆ ಬಂದುಬಿಟ್ಟಿದ್ದಳು.

"ಊದೇವ್ರಿ."

ಕಾರಭಾರಿಯ ಕೈ ನಿಂತಿತು.

"ಇಂವ ಊದಿಲ್ಲ. ನಾ ಊದೇನಿ. ಹತ್ತಕ್ಕ ಹತ್ತೂ ನಾನ ಊದೇನಿ. ಎಲ್ಲಾ ಸುದ್ದ ಇದ್ದೂ. ಕೆಡಿಸಿದಾವ್ರು ನೀವು."

ದೇಸಾಯರ ಕೈ ತಾನಾಗಿ ತಮ್ಮ ತುಟಿಗೆ ಹೋಯಿತು. ಅವರು ಎದ್ದು, ಅಂಗಳದ ಮೂಲೆಗೆ ಉಗುಳಿ, ಮತ್ತೆ ಉಗುಳಿ, ಒಳಗೆ ಹೋದರು. ಒಳಗೆ ಬಾವಿಯ ಗಡಗಡಿ ತಿರುಗುವ ಸಪ್ಪಳ ಕೇಳಿತು. ಕೊಡದ ಮೇಲೆ ಕೊಡ ಸುರಿದುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಕಾರಭಾರಿ ಕೆರೆಯ ದಂಡೆಗೆ ಬಂದ. ಈ ಸಲ ಒದರಲಿಲ್ಲ.

"ನೋಡಬೇ, ಇವತ್ತ ಚಾವಡ್ಯಾಗ ಊರ ಹಿರ್ಯಾರು ಕೂಡ್ತಾರ. ಗಂಡನ್ನ ಉಳಸ್ಕೊಳ್ಳಾಕ ಸುಳ್ಳ ಹೇಳೇನಿ, ನಾ ಊದಿಲ್ಲ ಅನ್ನು. ದೇಸಾಯರ ತುಟಿಗೆ ಮೈಲಿಗಿ ತಗಲಿಲ್ಲಂತ ಊರಿಗೆ ತಿಳದ್ರ ಸಾಕು. ಅಷ್ಟ. ಮನಿ ಉಳಿತೈತಿ, ಕುಲಮಿ ಉಳಿತೈತಿ. ಇಲ್ಲಂದ್ರ ಸಂಜೀಕ ಇಲ್ಲಿ ಒಂದ ಗೋಡಿ ಇರೂದಿಲ್ಲ."

ಅವನು ಹೋದ ಮೇಲೆ ಗುಲಾಬಬಿ ತಡವರಿಸಿ ಸೊಸೆಯ ಕೈ ಹಿಡಿದಳು. "ಅಂದಬಿಡವಾ. ಬಾದಾಮಿ ಬಿಟ್ವಿ, ಕಲಾದಗಿ ಬಿಟ್ವಿ. ಇನ್ನ ನಡಿಯಾಕ ನನ್ನ ಕಾಲಾಗ ಏನೂ ಇಲ್ಲ. ನಿಮ್ಮ ಮಾವನ್ನ ಇಲ್ಲೇ ಮಣ್ಣ ಮಾಡೇವಿ. ಒಂದ ಮಾತ, ಅಂದಬಿಡು."

ರಾತ್ರಿ ಕಂಬದಿಂದ ಬಿಚ್ಚಿ ಮನೆಗೆ ಕಳಿಸಿದ್ದ ಮುರ್ತುಜಸಾಬನ ಬಾಯಿಗೆ ಅರಿಸಿನದ ಬಟ್ಟೆ ಕಟ್ಟಿತ್ತು. ಮಾತು ಬರುತ್ತಿರಲಿಲ್ಲ. ಅವನು ಹೆಂಡತಿಯ ಮಣಿಕಟ್ಟು ಹಿಡಿದು ಒತ್ತಿದ. ಅನ್ನು ಎಂದೋ, ಅನ್ನಬೇಡ ಎಂದೋ, ಅಮೀನಬಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಅವಳಿಗೂ ದಣಿವಾಗಿತ್ತು. ಸುಳ್ಳು ಹೇಳಿ ಬಂದು ಮಲಗಿಬಿಡಬೇಕು ಎಂದುಕೊಂಡೇ ಸೆರಗು ಹೊದ್ದು ಚಾವಡಿಯ ಕಡೆ ನಡೆದಳು.

ಚಾವಡಿಯಲ್ಲಿ ಹಿರಿಯರು ಕೂತಿದ್ದರು. ದೇಸಾಯರು ಗೋಡೆಯ ಕಡೆ ನೋಡುತ್ತಿದ್ದರು. ಹತ್ತೂ ಬ್ಯೂಗಲ್ಲುಗಳನ್ನು ಯಾರೂ ಮುಟ್ಟದಂತೆ ಮೆಟ್ಟಿಲ ಕೆಳಗೆ ಗುಡ್ಡೆ ಹಾಕಿದ್ದರು. ಅಮಸಿದ್ದಪ್ಪ ಉಳಿದ ವಾಲೀಕಾರರ ಜೊತೆ ಒಂದು ಬದಿಗೆ ನಿಂತಿದ್ದ.

"ಹೇಳು," ಎಂದ ಕಾರಭಾರಿ.

"ನಾ ಊದಿಲ್ರಿ," ಎಂದಳು ಅಮೀನಬಿ. "ಸುಳ್ಳ ಹೇಳೇನಿ."

ಹಿರಿಯರು ತಲೆಯಾಡಿಸಿದರು. ಅವಳು ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಭಟ್ಟ ತಡೆದ.

"ನಿಲ್ಲು. ಹೋಮದ ಬೆಂಕ್ಯಾಗ ಕೆಟ್ಟೂ ಅಂತ ನಿನ್ನ ಗಂಡ ಊರ ಮುಂದ ಅಂದಾನ. ಅದನ್ನೂ ಸುಳ್ಳ ಅನ್ನಬೇಕು. ಮೊದಲಿಂದನ ಮೂಕ ಇದ್ದೂ, ನಮ್ಮ ಮನಿತನಕ್ಕ ಈ ಕೆಲಸಾನ ಬರಂಗಿಲ್ಲ, ನನ್ನ ಮಾವಾ ಕಳ್ಳ, ನನ್ನ ಗಂಡ ಕಳ್ಳ, ಎರಡ ತಲಿ ಊರಿಗೆ ಮೋಸಾ ಮಾಡೇವಿ ಅನ್ನು. ಅಂದು ಮೂಗ ನೆಲಕ್ಕ ತಿಕ್ಕು."

ಅಮೀನಬಿ ಮೆಟ್ಟಿಲ ಕೆಳಗಿನ ಗುಡ್ಡೆಯ ಕಡೆ ನೋಡಿದಳು.

"ಅನ್ನಲೇ!" ಕಾರಭಾರಿ ಗದರಿದ. "ಅಷ್ಟ ಅಂದೀ, ಇಷ್ಟ ಅನ್ನಾಕ ಏನ ಧಾಡಿ?"

ಅವಳು ಮಂಡಿಯೂರಿ ಕೂತಳು. ಮೂಗು ತಿಕ್ಕುತ್ತಾಳೆಂದುಕೊಂಡು ಎಲ್ಲರೂ ಕತ್ತು ಉದ್ದ ಮಾಡಿದರು. ಅವಳು ಗುಡ್ಡೆಗೆ ಕೈ ಹಾಕಿದಳು. ಒಂದನ್ನು ಎತ್ತಿ ನೋಡಿ ಕೆಳಗಿಟ್ಟಳು. ಇನ್ನೊಂದನ್ನು ಎತ್ತಿದಳು, ಅದೂ ಸೀಳಿತ್ತು. ನಾಲ್ಕನೆಯದರ ಮೈ ನೆಗ್ಗಿದ್ದರೂ ಬೆಸುಗೆಯ ಗೆರೆ ಗಟ್ಟಿಯಿತ್ತು. ಸಡಿಲಾದ ಊದುಬಾಯಿಯನ್ನು ಕಿತ್ತು, ಮೆತ್ತಿದ್ದ ಅರಗನ್ನು ಉಗುರಿನಿಂದ ಕೆರೆದಳು. ಸೆರಗಿನ ಅಂಚು ಹರಿದು, ಉಗುಳಿನಲ್ಲಿ ತೋಯಿಸಿ, ಕೊಳವೆಗೆ ಸುತ್ತಿ ಊದುಬಾಯಿಯನ್ನು ತಿರುವಿ ತಿರುವಿ ಬಿಗಿ ಮಾಡಿದಳು.

"ಏನ ಮಾಡಾಕ್ಹತ್ಯಾಳ ಈಕಿ? ಕಸಗೋರಲೇ ಅದನ್ನ!" ಕಾರಭಾರಿ ಒದರಿದ.

ಅವಳು ಊದಿದಳು.

ಮೊದಲು ಗಾಳಿ ಬಂತು. ತುಟಿ ಬಿಗಿ ಮಾಡಿದಳು. ಆಮೇಲೆ ಸ್ವರ ಬಂತು. ಒರಟಾಗಿ, ಅಂಚಿಗೆ ಬಿರುಕು ಬಿಟ್ಟು, ಆದರೆ ಉದ್ದಕ್ಕೆ, ನೆಟ್ಟಗೆ ಬಂತು. ಚಾವಡಿಯ ತೊಲೆಯ ಪಾರಿವಾಳಗಳು ಎದ್ದು ಹಾರಿದವು. ಬೀದಿಯ ಬಾಗಿಲುಗಳು ತೆರೆದುಕೊಂಡವು. ಹಿಟ್ಟಿನ ಕೈಯ ಹೆಂಗಸರು ಹೊಸ್ತಿಲಿಗೆ ಬಂದು ನಿಂತರು.

"ಹೋಗ್ರಿ!" ಕಾರಭಾರಿ ವಾಲೀಕಾರರಿಗೆ ಕಿರುಚಿದ. "ಹಾರಿ ಸನಿಕಿ ತಗೊಂಡ ಹೋಗ್ರಿ, ಕೆಡವ್ರಿ ಆ ಮನಿ!"

ನಾಲ್ವರು ಓಡಿದರು. ಅಮಸಿದ್ದಪ್ಪ ನಿಂತಲ್ಲೇ ನಿಂತಿದ್ದ.

"ನಿನಗ ಬ್ಯಾರೆ ಹೇಳ್ಬೇಕೇನಲೇ ಹಲ್ಕಟ್ಟ?"

ಅಮಸಿದ್ದಪ್ಪ ಕೋಲನ್ನು ಮೆಟ್ಟಿಲಿಗೆ ಆನಿಸಿ ಇಟ್ಟು, ಕಂಬಳಿಯನ್ನು ಹೆಗಲ ಮೇಲೆ ಸರಿ ಮಾಡಿಕೊಂಡ.

ಅಮೀನಬಿಯ ಉಸಿರು ಮುಗಿಯಿತು. ತುಟಿಯ ಹಳೆಯ ಬಾವು ಒಡೆದು ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಆಮೇಲೆ ಕೆರೆಯ ಕಡೆಯಿಂದ ಹಾರೆ ಮಣ್ಣಿನ ಗೋಡೆಗೆ ಬಿದ್ದ ಸಪ್ಪಳ, ಅದರ ಹಿಂದೆಯೇ ಮುದುಕಿಯ ಕೂಗು ಕೇಳಿಸಿತು.

ಅವಳು ಊದುಬಾಯಿಯನ್ನು ಸೆರಗಿಗೆ ಒರೆಸಿದಳು. ಬ್ಯೂಗಲ್ಲನ್ನು ಎರಡೂ ಕೈಯಿಂದ ಹಿಡಿದು, ದೇಸಾಯರ ಮುಖ ನೋಡುತ್ತ, ಮತ್ತೆ ಎದೆ ತುಂಬ ಗಾಳಿ ಎಳೆದುಕೊಂಡಳು.